ದಿನಕ್ಕೆ 1,500 ಮೊಟ್ಟೆ ಕೇಳುತ್ತಿದ್ದಾರೆ, ಒಪ್ಪಿಕೊಳ್ಳೋಣವೇ?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆ ಗುಬ್ಬಿ ತಾಲೂಕಿನ ಹಳ್ಳಿ. 2020ರ ಲಾಕ್‌ಡೌನ್‌ನಲ್ಲಿ ಯಜಮಾನರು ಬೆಂಗಳೂರಿನ ಕೆಲಸ ಬಿಟ್ಟು ಬಂದಾಗ 60 ಕೋಳಿ ಇಟ್ಟುಕೊಂಡು ಶುರು ಮಾಡಿದೆವು. ಈಗ ಎರಡು ಎಕರೆ ತೆಂಗಿನ ತೋಟದಲ್ಲಿ 420 ಕೋಳಿಗಳಿವೆ. ಸ್ವರ್ಣಧಾರ, ಗ್ರಾಮಪ್ರಿಯ ಜಾಸ್ತಿ, ಒಂದಿಷ್ಟು ನಾಟಿ. ಪಂಜರ ಇಲ್ಲ. ಬೆಳಿಗ್ಗೆ ಬಿಡುತ್ತೇವೆ, ಸಂಜೆ ತಾವೇ ಶೆಡ್ಡಿಗೆ ಬರುತ್ತವೆ. ದಿನಕ್ಕೆ 220 ಮೊಟ್ಟೆ, 46 ಕೆಜಿ ಫೀಡ್, ಕೆಜಿಗೆ 32 ರೂಪಾಯಿ. ತುಮಕೂರು, ಬೆಂಗಳೂರಿನ 110 ಮನೆಗಳಿಗೆ ಮೊಟ್ಟೆಗೆ 15 ರೂಪಾಯಿಯಂತೆ ಕೊಡುತ್ತೇವೆ. ಬೆಂಗಳೂರಿನ ಒಂದು ಸಾವಯವ ಅಂಗಡಿಯವರು ದಿನಕ್ಕೆ 1,500 ಕಂದು ಮೊಟ್ಟೆ, 11 ರೂಪಾಯಿಗೆ, ವರ್ಷಪೂರ್ತಿ ಬೇಕು ಅನ್ನುತ್ತಿದ್ದಾರೆ. ಬ್ಯಾಂಕಿನಲ್ಲಿ 18 ಲಕ್ಷ ಸಾಲಕ್ಕೆ ಮಾತಾಗಿದೆ. ಮೈದುನ 'ಹಿಂದುಗಡೆ ಪಂಜರ ಹಾಕೋಣ, ಇಲ್ಲವೇ ಬೇರೆ ಫಾರಂನಿಂದ ತಂದು ಸೇರಿಸೋಣ, ಯಾರಿಗೆ ಗೊತ್ತಾಗುತ್ತೆ' ಅನ್ನುತ್ತಾನೆ. ಮಾವನವರು 'ಇಷ್ಟೇ ಸಾಕು' ಅನ್ನುತ್ತಾರೆ. ಮೊಟ್ಟೆ ನಿಂತ ಕೋಳಿಯನ್ನು ಮಾರಲು ಅತ್ತೆಯವರು ಬಿಡುವುದಿಲ್ಲ. ಇದರ ಮಧ್ಯೆ ಕಳೆದ ತಿಂಗಳು ಒಂದೇ ವಾರದಲ್ಲಿ 38 ಕೋಳಿ ಸತ್ತವು. ಹಸಿರು ಹಿಕ್ಕೆ ಹಾಕುತ್ತಿದ್ದವು, ಕೆಲವಕ್ಕೆ ಕತ್ತು ತಿರುಚಿಕೊಂಡಿತ್ತು. ಲಸೋಟ ಲಸಿಕೆ ಒಂದು ಸಲ ನಲ್ಲಿ ನೀರಿನ ಡ್ರಮ್ಮಿಗೆ ಹಾಕಿ ಕೊಟ್ಟಿದ್ದೆವು. ಬಯಲಲ್ಲಿ ಓಡಾಡುವ ಕೋಳಿಗೆ ಲಸಿಕೆ ಬೇಡ ಅಂತಲೂ ಕೆಲವರು ಹೇಳುತ್ತಾರೆ. ಸಾಲ ತೆಗೆದುಕೊಳ್ಳಲೇ? ಕೋಳಿ ಹೆಚ್ಚಾದರೆ ನಾವೂ ಮಿಕ್ಕವರ ಹಾಗೇ ಆಗಿಬಿಡುತ್ತೇವಾ?

ಉತ್ತರ: ತಾಯಿ, ಸಾಲದ ಮಾತು ಆಮೇಲೆ. ಮೊದಲು ಆ 38 ಕೋಳಿ.

ಹಸಿರು ಹಿಕ್ಕೆ, ತಿರುಚಿದ ಕತ್ತು, ವಾರದೊಳಗೆ ಸಾಲುಸಾಲು ಸಾವು. ಇಷ್ಟು ಓದಿದರೆ ಯಾವ ಪಶುವೈದ್ಯನಿಗೂ ಮೊದಲು ನೆನಪಾಗುವುದು ರಾಣಿಖೇತ್, ನಮ್ಮ ಕಡೆ ಕೊಕ್ಕರೆ ರೋಗ ಅನ್ನುತ್ತಾರಲ್ಲ, ಅದು. ಕಾಗದ ಓದಿ ರೋಗ ಹೇಳುವವನು ನಾನಲ್ಲ. ಹಕ್ಕಿ ಜ್ವರವೂ ಶುರುವಿನಲ್ಲಿ ಹೀಗೇ ಕಾಣಬಹುದು. ಆದ್ದರಿಂದ ಇನ್ನೊಮ್ಮೆ ಹೀಗಾದರೆ ಗುಂಡಿ ತೋಡಿ ಹೂಳುವ ಮೊದಲು ಊರಿನ ಪಶು ಆಸ್ಪತ್ರೆಗೆ ಹೇಳಿ. ಅವರ ಮೂಲಕ ಆಗ ತಾನೇ ಸತ್ತ ಎರಡು ಮೂರು ಕೋಳಿ ಐಸ್ ಪೆಟ್ಟಿಗೆಯಲ್ಲಿ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಹೋಗಲಿ. ಫ್ರೀಜರಿನಲ್ಲಿಟ್ಟು ಕಲ್ಲು ಮಾಡಬೇಡಿ, ಒಳಗಿನ ಅಂಗಾಂಶ ಕೆಟ್ಟುಹೋಗಿ ನೋಡಲು ಏನೂ ಉಳಿಯುವುದಿಲ್ಲ.

ಲಸಿಕೆ ಹಾಕಿಯೂ ಯಾಕೆ ಸತ್ತವು ಅನ್ನುವುದಕ್ಕೆ ಸುಳಿವು ನಿಮ್ಮ ಪತ್ರದಲ್ಲೇ ಇದೆ: ನಲ್ಲಿ ನೀರಿನ ಡ್ರಮ್ಮು. ಲಸೋಟ ಅಂದರೆ ರಾಣಿಖೇತ್ ತಡೆಯುವ ಲಸಿಕೆ, ಅದರಲ್ಲಿರುವುದು ಜೀವಂತ ವೈರಾಣು. ಪಂಚಾಯಿತಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಅದು ಡ್ರಮ್ಮಿನಲ್ಲೇ ಸಾಯುತ್ತದೆ. ಕೋಳಿ ಕುಡಿದದ್ದು ಬರೀ ನೀರು. ಕ್ಲೋರಿನ್ ಇಲ್ಲದ ತಣ್ಣನೆ ನೀರು ತೆಗೆದುಕೊಳ್ಳಿ, ಲೀಟರಿಗೆ ಅರ್ಧ ಚಮಚದಷ್ಟು ಕೆನೆ ತೆಗೆದ ಹಾಲಿನ ಪುಡಿ ಕಲಸಿ, ಆಮೇಲೆ ಲಸಿಕೆ. ಅದಕ್ಕೆ ಮುಂಚೆ ಒಂದೂವರೆ ಗಂಟೆ ಕೋಳಿಗಳಿಗೆ ಕುಡಿಯಲು ನೀರು ಕೊಟ್ಟಿರಬಾರದು, ಕೊಟ್ಟ ನೀರು ಎರಡು ಗಂಟೆಯೊಳಗೆ ಖಾಲಿಯಾಗಬೇಕು. ಬೇಸಿಗೆಯಲ್ಲಾದರೆ ಬೆಳಕು ಹರಿಯುವಾಗಲೇ ಮುಗಿಸಿಬಿಡಿ. ಔಷಧಿ ಅಂಗಡಿಯಿಂದ ಮನೆಗೆ ಬರುವಾಗ ಶೀಷೆ ಐಸಿನಲ್ಲಿತ್ತೋ ಸ್ಕೂಟರಿನ ಡಿಕ್ಕಿಯಲ್ಲಿತ್ತೋ ಅನ್ನುವುದೂ ಅಷ್ಟೇ ಮುಖ್ಯ. ಲೆಕ್ಕಕ್ಕೆ ಹೇಳುವುದಾದರೆ ಮರಿಗೆ ಹ್ಯಾಚರಿಯಲ್ಲೇ ಮರೆಕ್ಸ್ ರೋಗದ ಲಸಿಕೆ, ಮೊದಲ ವಾರದಲ್ಲಿ ಲಸೋಟ, ಎರಡನೇ ವಾರ ಗುಂಬೋರೊ ರೋಗದ್ದು, ನಾಲ್ಕನೇ ವಾರ ಮತ್ತೆ ಲಸೋಟ, ಆರೇಳು ವಾರಕ್ಕೆ ಸಿಡುಬಿನದು, ಎಂಟರಿಂದ ಹತ್ತನೇ ವಾರದಲ್ಲಿ ರಾಣಿಖೇತ್‌ಗೇ ಇರುವ ಆರ್‌2ಬಿ ಚುಚ್ಚುಮದ್ದು. ಮೊಟ್ಟೆ ಶುರುವಾದ ಮೇಲೆ ಆರ್‌2ಬಿ ಕೊಡಬಾರದು, ಮೊಟ್ಟೆಯ ಸಂಖ್ಯೆ ಬಿದ್ದುಹೋಗುತ್ತದೆ. ಆಗ ಎರಡು ತಿಂಗಳಿಗೊಮ್ಮೆ ಲಸೋಟ ಸಾಕು.

ಬಯಲಲ್ಲಿ ತಿರುಗುವ ಕೋಳಿ ಗಟ್ಟಿ, ಲಸಿಕೆ ಬೇಡ ಅನ್ನುವುದು ಅರ್ಧ ನಿಜ. ಅದರ ಕಾಲು ಗಟ್ಟಿ, ಮೂಳೆ ಗಟ್ಟಿ, ಪುಕ್ಕ ಚೆನ್ನ. ವೈರಾಣುವಿಗೆ ಇದರ ಯಾವುದರ ಲೆಕ್ಕವೂ ಇಲ್ಲ. ಪಂಜರದ ಕೋಳಿಗಿಂತ ನಿಮ್ಮ ಕೋಳಿಗೆ ಕಾಗೆ, ಪಾರಿವಾಳ, ಪಕ್ಕದ ಮನೆಯ ಹುಂಜ, ಮಣ್ಣಿನ ಹುಳುವಿನ ಮೊಟ್ಟೆ ಎಲ್ಲದರ ಒಡನಾಟವಿದೆ. ಆದ್ದರಿಂದ ಲಸಿಕೆ ನಿಮಗೆ ಇನ್ನೂ ಹೆಚ್ಚು ಬೇಕು, ಜಂತಿನ ಔಷಧಿಯೂ ಬೇಕು. ಗಿರಾಕಿಗಳಿಗೆ 'ನಾವು ಏನೂ ಹಾಕುವುದಿಲ್ಲ' ಎಂದು ಹೇಳಿಕೊಂಡಿದ್ದರೆ ಆ ಮಾತು ತಿದ್ದಿ. ಲಸಿಕೆ ಬೇರೆ, ಆ್ಯಂಟಿಬಯಾಟಿಕ್ ಬೇರೆ. ಫೀಡಿಗೆ ದಿನಾ ಆ್ಯಂಟಿಬಯಾಟಿಕ್ ಬೆರೆಸುವುದಿಲ್ಲ ಎಂದು ಧೈರ್ಯವಾಗಿ ಹೇಳಿ, ಅದು ದೊಡ್ಡ ಮಾತು. ಕೋಳಿಗಳಿಗೆ ಬಳಸುತ್ತಿದ್ದ ಕೊಲಿಸ್ಟಿನ್ ಎಂಬ ಔಷಧವನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದೇ ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಅದು ಉಳಿಯಲಿ ಎಂದು.

ಈಗ ದುಡ್ಡಿನ ವಿಷಯ. ನೀವು ಕೊಟ್ಟ ಅಂಕಿ ಇಟ್ಟುಕೊಂಡೇ ಕೂರೋಣ.

46 ಕೆಜಿ ಫೀಡಿಗೆ ದಿನಕ್ಕೆ 1,472 ರೂಪಾಯಿ. ಅದನ್ನು 220 ಮೊಟ್ಟೆಗೆ ಹಂಚಿದರೆ ಒಂದಕ್ಕೆ 6 ರೂಪಾಯಿ 70 ಪೈಸೆ ಬರೀ ಮೇವಿಗೆ. 20 ವಾರದ ಹ್ಯಾಟೆ, ಅಂದರೆ ಇನ್ನೇನು ಮೊಟ್ಟೆಗೆ ಬರುವ ಎಳೆ ಕೋಳಿ, ಒಂದು ಕೈಗೆ ಬರುವಷ್ಟರಲ್ಲಿ, ಕೊಂಡರೂ ಸಾಕಿದರೂ, 400 ರೂಪಾಯಿ ಎಂದಿಟ್ಟುಕೊಳ್ಳಿ. ಒಂದೂವರೆ ವರ್ಷದಲ್ಲಿ ಅದು ಸುಮಾರು 270 ಮೊಟ್ಟೆ ಕೊಟ್ಟರೆ, ನಡುವೆ ಸತ್ತವುಗಳ ಪಾಲೂ ಸೇರಿ, ಮೊಟ್ಟೆಗೆ 1 ರೂಪಾಯಿ 70 ಪೈಸೆ. ಟ್ರೇ, ಪೆಟ್ರೋಲು, ಲಸಿಕೆ, ಕರೆಂಟು, ಒಡೆದದ್ದು ಎಲ್ಲ ಸೇರಿ 1 ರೂಪಾಯಿ 75 ಪೈಸೆ ಹಿಡಿದಿದ್ದೇನೆ. ಅಲ್ಲಿಗೆ 10 ರೂಪಾಯಿ 15 ಪೈಸೆ. ಇನ್ನೂ ಯಾರಿಗೂ ಕೂಲಿ ಕೊಟ್ಟಿಲ್ಲ. ನೀವು, ಯಜಮಾನರು, ಅತ್ತೆ ಮೂವರೂ ಸೇರಿ ದಿನಕ್ಕೆ ಒಂಬತ್ತು ಗಂಟೆ ಕೋಳಿಯ ಕೆಲಸ ಮಾಡುತ್ತೀರಿ ಅಂದರೆ ಹೆಚ್ಚು ಹೇಳಿದ ಹಾಗಾಗಲಿಲ್ಲ. ಗಂಟೆಗೆ 60 ರೂಪಾಯಿಯಂತೆ ಹಿಡಿದರೂ ಮೊಟ್ಟೆಗೆ 2 ರೂಪಾಯಿ 45 ಪೈಸೆ. ಒಟ್ಟು 12 ರೂಪಾಯಿ 60 ಪೈಸೆ.

ಮನೆಮನೆಗೆ 15ಕ್ಕೆ ಮಾರಿದಾಗ 2 ರೂಪಾಯಿ 40 ಪೈಸೆ ಉಳಿಯುತ್ತದೆ. ಅಂಗಡಿಗೆ 11ಕ್ಕೆ ಕೊಟ್ಟರೆ 1 ರೂಪಾಯಿ 60 ಪೈಸೆ ಕೈಯಿಂದ ಹೋಗುತ್ತದೆ. ಪ್ರಮಾಣ ಹೆಚ್ಚಿದರೆ ಕೂಲಿ, ಪೆಟ್ರೋಲು ತಗ್ಗುತ್ತದೆ ಅನ್ನುವಿರಿ. ತಗ್ಗುತ್ತದೆ, ನಿಜ. ಪೂರಾ 1 ರೂಪಾಯಿ 60 ಪೈಸೆಯೂ ತಗ್ಗಿತು ಅಂತಲೇ ಇಟ್ಟುಕೊಳ್ಳೋಣ. ಆಗ ಲಾಭವೂ ಇಲ್ಲ ನಷ್ಟವೂ ಇಲ್ಲ. 18 ಲಕ್ಷವನ್ನು ಶೇ. 10ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೀರಿಸಲು ತಿಂಗಳಿಗೆ 38 ಸಾವಿರಕ್ಕೂ ಮೇಲೆ ಕಂತು ಬರುತ್ತದೆ. ಮೊಟ್ಟೆಗೆ ಲೆಕ್ಕ ಹಾಕಿದರೆ 85 ಪೈಸೆ. ಅದನ್ನು ತೆಂಗಿನಕಾಯಿ ಮಾರಿ ಕಟ್ಟುತ್ತೀರಾ?

ಇಲ್ಲಿ ಇನ್ನೊಂದು ವಿಷಯ ಅಂಗಡಿಯವರಿಗೂ ತಿಳಿದಂತಿಲ್ಲ. 420 ಕೋಳಿಗೆ 220 ಮೊಟ್ಟೆ ಬರುತ್ತಿರುವುದು ನಿಮ್ಮ ತಪ್ಪಲ್ಲ. ಸ್ವರ್ಣಧಾರ, ಗ್ರಾಮಪ್ರಿಯದಂಥ ತಳಿಗಳಿಂದ ವರ್ಷಕ್ಕೆ 180ರ ಆಸುಪಾಸು ನಿರೀಕ್ಷಿಸಬಹುದು, ಅಂದರೆ ದಿನಕ್ಕೆ ಅರ್ಧ ಮೊಟ್ಟೆ. ಪಕ್ಕಾ ನಾಟಿ 60-70 ಇಟ್ಟು ಕಾವಿಗೆ ಕೂರುತ್ತದೆ. 300ಕ್ಕೂ ಹೆಚ್ಚು ಇಡುವುದು ಪಂಜರಕ್ಕೆಂದೇ ಬೆಳೆಸಿದ ಬಿಳಿ ಲೇಯರ್. ಆದ್ದರಿಂದ ದಿನಾ 1,500 ಮೊಟ್ಟೆಗೆ ನಿಮಗೆ 3,000 ಮೊಟ್ಟೆ ಕೋಳಿ ಬೇಕು, ಅವುಗಳ ಹಿಂದೆ ಬೆಳೆಯುತ್ತಿರುವ ಸಾವಿರ ಹ್ಯಾಟೆ ಬೇಕು. ಮೊಟ್ಟೆ ಕೋಳಿಗಳಿಗೇ ದಿನಕ್ಕೆ 330 ಕೆಜಿ ಫೀಡು, ಹೆಚ್ಚುಕಮ್ಮಿ ಅಷ್ಟೇ ತೂಕದ ಹಸಿ ಹಿಕ್ಕೆ. ಮಳೆಗಾಲದಲ್ಲಿ ಆ ಹಿಕ್ಕೆ ಎಲ್ಲಿಗೆ ಹೋಗುತ್ತದೆ, ನೊಣ ಯಾರ ಮನೆಗೆ ಹೋಗುತ್ತದೆ ಅನ್ನುವುದು ಊರಿನ ನ್ಯಾಯಕ್ಕೆ ಬರುವ ವಿಷಯ.

ಜಾಗ? ಎರಡು ಎಕರೆ ಅಂದರೆ ಸುಮಾರು 8,090 ಚದರ ಮೀಟರ್. ಬಯಲು ಕೋಳಿಯ ಮೊಟ್ಟೆ ಎಂದು ಮಾರಲು ನಮ್ಮಲ್ಲಿ ಇಂತಿಷ್ಟು ಜಾಗವಿರಬೇಕೆಂಬ ಕಾನೂನಿನ ಅಳತೆ ಇಲ್ಲ. ಯುರೋಪಿನಲ್ಲಿದೆ: ಕೋಳಿಗೆ ಹೊರಗೆ 4 ಚದರ ಮೀಟರ್, ಒಳಗೆ ಚದರ ಮೀಟರಿಗೆ 9ಕ್ಕಿಂತ ಹೆಚ್ಚಿಲ್ಲ. ಆ ಲೆಕ್ಕದಲ್ಲೂ ನಿಮ್ಮ ತೋಟ 2,000ಕ್ಕೆ ಮುಗಿಯಿತು. ಅದೂ ವರ್ಷವಿಡೀ ಹಸಿರಿರುವ ಅಲ್ಲಿನ ಹುಲ್ಲುಗಾವಲಿನ ಮಾತು. ಮಾರ್ಚ್‌ನಲ್ಲಿ ಗುಬ್ಬಿಯ ನೆಲ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಪಂಜರದ ಬಗ್ಗೆ ಮೈದುನನಿಗೆ ಒಂದು ಮಾತು. ಅದು ಕಾನೂನುಬಾಹಿರವಲ್ಲ. 2023ರ ಕೇಂದ್ರ ನಿಯಮದ ಪ್ರಕಾರ ಪಂಜರದಲ್ಲಿ ಕೋಳಿಗೆ ಕನಿಷ್ಠ 550 ಚದರ ಸೆಂಟಿಮೀಟರ್ ಜಾಗ ಇರಬೇಕು. ಜೆರಾಕ್ಸ್ ಅಂಗಡಿಯ ಎ4 ಹಾಳೆ 620ಕ್ಕೂ ಹೆಚ್ಚು. ಒಂದು ಹಾಳೆ ನೆಲದ ಮೇಲಿಟ್ಟು, ಅಂಚು ಸ್ವಲ್ಪ ಮಡಿಸಿ, ಒಂದು ಕೋಳಿಯನ್ನು ಅದರ ಮೇಲೆ ನಿಲ್ಲಿಸಿ ನೋಡಲಿ. ಯುರೋಪು ಗೂಡು, ಅಟ್ಟಣಿಗೆ ಏನೂ ಇಲ್ಲದ ಇಂಥ ಬೋಳು ಪಂಜರಗಳನ್ನು 2012ರ ಜನವರಿಯಿಂದ ನಿಲ್ಲಿಸಿತು. ನಮ್ಮ ದೇಶದ ಬಹುಪಾಲು ಮೊಟ್ಟೆ ಇವತ್ತಿಗೂ ಪಂಜರದ್ದೇ. ಅದರಿಂದಲೇ ಬಡವರ ಮನೆಗೂ ಮೊಟ್ಟೆ ಎಟುಕುತ್ತಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಪಂಜರ ಸಾಕುವವರನ್ನೆಲ್ಲ ಕಟುಕರು ಅನ್ನುವುದೂ ನನಗೆ ಹಿಡಿಸುವುದಿಲ್ಲ. ಆದರೆ ಮುಂದೆ ತೋಟ ತೋರಿಸಿ ಹಿಂದೆ ಪಂಜರ ಇಡುವುದು ಕೋಳಿಗೆ ಮಾಡುವ ಮೋಸಕ್ಕಿಂತ ಆ 110 ಮನೆಗಳಿಗೆ ಮಾಡುವ ಮೋಸ. ಬೇರೆ ಫಾರಂನ ಮೊಟ್ಟೆ ಸೇರಿಸುವುದೂ ಅದೇ. ಬಿಳಿ ಮೊಟ್ಟೆಯನ್ನು ಚಹಾದ ನೀರಿನಲ್ಲಿ ಅದ್ದಿ ನಾಟಿ ಎಂದು ಮಾರುವವರು ಪೇಟೆಯಲ್ಲಿ ಆಗಲೇ ಇದ್ದಾರೆ, ನೀವು ಆ ಸಾಲಿಗೆ ಹೋಗುವುದು ಬೇಡ.

ಬಣ್ಣದ ಮಾತು ಬಂತು. ಅಂಗಡಿಯವರು ಕಂದೇ ಬೇಕು ಅನ್ನುವುದರ ಹಿಂದೆ ಒಂದು ನಂಬಿಕೆಯಿದೆ. ಕಂದು ಸಿಪ್ಪೆ ತಳಿಯ ಗುಣ, ಅಷ್ಟೇ. ಗರ್ಭದಲ್ಲಿ ಸುಮಾರು 20 ಗಂಟೆ ಸಿಪ್ಪೆ ಕಟ್ಟಿಕೊಳ್ಳುವ ಮೊಟ್ಟೆಗೆ ಕೊನೆಯ ಕೆಲವು ಗಂಟೆಗಳಲ್ಲಿ ಬಳಿಯುವ ಬಣ್ಣ ಅದು. ಕೋಳಿಗೆ ವಯಸ್ಸಾದರೆ, ಸೆಕೆ ಹೆಚ್ಚಾದರೆ, ಕಾಯಿಲೆ ಬಂದರೆ ತಿಳಿಯಾಗುತ್ತದೆ. ಮೊಟ್ಟೆಯೊಳಗಿನ ಹಳದಿ ಭಾಗದ ಕೇಸರಿ ಬಣ್ಣವೂ ಮೆಕ್ಕೆಜೋಳ, ಸೊಪ್ಪಿನಿಂದ ಬರುವುದು. ಚೆಂಡುಹೂವಿನ ಪುಡಿ ತಿನ್ನಿಸಿದರೆ ಪಂಜರದ ಕೋಳಿಯೂ ಅದೇ ಬಣ್ಣ ಕೊಡುತ್ತದೆ. ಗಿರಾಕಿಗೆ ಬಣ್ಣ ಮಾರಬೇಡಿ. 'ನಮ್ಮ ಮೊಟ್ಟೆಯಲ್ಲಿ ಕೊಲೆಸ್ಟರಾಲ್ ಇಲ್ಲ' ಎಂದು ನಿಮ್ಮ ಚೀಟಿಯಲ್ಲಿ ಅಚ್ಚು ಹಾಕಿಸಿದ್ದರೆ ಇವತ್ತೇ ತೆಗೆಸಿ. ಎಲ್ಲ ಮೊಟ್ಟೆಯಲ್ಲೂ ಇರುತ್ತದೆ.

ನೀವು ನಿಜವಾಗಿ ಕೇಳಿದ್ದು ಪತ್ರದ ಕೊನೆಯ ಸಾಲು. ಕೋಳಿ ಹೆಚ್ಚಾದರೆ ನಾವೂ ಹಾಗೇ ಆಗಿಬಿಡುತ್ತೇವಾ? ಇದಕ್ಕೆ ಉತ್ತರ ಹೇಳಬೇಕಾದರೆ ನನ್ನದೇ ಒಂದು ತಪ್ಪು ಹೇಳಬೇಕು.

ತೊಂಬತ್ತರ ದಶಕದ ಕೊನೆ. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿ ಆಗ ಹಳ್ಳಿಹಳ್ಳಿಗೆ ಹೋಗುತ್ತಿದ್ದ ಕಾಲ. ನಾನು ಕೆಲಸ ಮಾಡುತ್ತಿದ್ದ ತಾಲೂಕಿನಲ್ಲಿ ಒಂದು ಮನೆಯವರು 300 ಕೋಳಿ ಬಲು ಚೆನ್ನಾಗಿ ಸಾಕಿದ್ದರು. ಸಂಜೆ ಆ ಮನೆಯ ಅಜ್ಜಿ ಒಂದೊಂದೇ ಕೋಳಿ ಹಿಡಿದು ಕೊರಳ ಕೆಳಗಿನ ಮೇವಿನ ಚೀಲ ಮುಟ್ಟಿ ನೋಡುತ್ತಿದ್ದಳು. ತುಂಬಿದ್ದರೆ ಬಿಡುವುದು, ಖಾಲಿಯಿದ್ದರೆ ಬೇರೆ ಮಂಕರಿಯ ಕೆಳಗೆ. ಕಾಯಿಲೆ ನಮಗಿಂತ ಒಂದು ದಿನ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ನಾನೇ ಹುರಿದುಂಬಿಸಿ 1,500 ಮಾಡಿಸಿದೆ. ಒಂದೇ ದೊಡ್ಡ ಶೆಡ್ಡು. ಎರಡನೇ ತಿಂಗಳಲ್ಲಿ ಒಂದು ರಾತ್ರಿ ಕರೆಂಟು ಹೋಯಿತು, ಏನೋ ಶಬ್ದಕ್ಕೆ ಬೆದರಿದ ಕೋಳಿಗಳೆಲ್ಲ ಒಂದು ಮೂಲೆಗೆ ನುಗ್ಗಿ ಒಂದರ ಮೇಲೊಂದು ಗುಡ್ಡೆ ಬಿದ್ದವು. ಬೆಳಿಗ್ಗೆ ನಾನು ಹೋದಾಗ ಮೇಲಿನವು ಎದ್ದು ಓಡಾಡುತ್ತಿದ್ದವು, ಕೆಳಗಿನವು ಇನ್ನೂ ಬಿಸಿಯಿದ್ದವು. 140 ಎಣಿಸಿದೆವು. ಮೈಮೇಲೆ ಒಂದು ಗಾಯವಿಲ್ಲ. ಅಜ್ಜಿ ನನ್ನನ್ನು ಬೈಯಲಿಲ್ಲ. 'ಇಷ್ಟು ಕೋಳಿ ನನ್ನ ಕೈಗೆ ಸಿಕ್ಕೋದಿಲ್ಲ ಡಾಕ್ಟ್ರೇ' ಅಂದಳು.

ಅವತ್ತಿನಿಂದ ನನ್ನ ಲೆಕ್ಕ ಕೋಳಿಯ ಸಂಖ್ಯೆಯದಲ್ಲ, ಒಂದು ಗುಂಪಿನ ಸಂಖ್ಯೆಯದು. ಒಂದು ಶೆಡ್ಡು, ಒಂದು ಅಂಗಳ, ಒಬ್ಬರ ಕಣ್ಣು, ಅಷ್ಟಕ್ಕೆ ಮುನ್ನೂರು. ಬೆಳೆಯಬೇಕಾದರೆ ಗುಂಪು ದೊಡ್ಡದು ಮಾಡಬೇಡಿ, ಇನ್ನೊಂದು ಗುಂಪು ಮಾಡಿ.

ಇದಕ್ಕೆ ಕಾರಣ ಕೋಳಿಯ ಸ್ವಭಾವದಲ್ಲೇ ಇದೆ. ಅದರ ಮೂಲ ಕಾಡುಕೋಳಿ, ಪೊದೆಯ ಪ್ರಾಣಿ. ಬಾಗಿಲು ತೆಗೆದಿಟ್ಟ ಮಾತ್ರಕ್ಕೆ ಹೊರಗೆ ಹೋಗಿ ಮೇಯುತ್ತದೆ ಅಂತಲ್ಲ. ತಲೆ ಮೇಲೆ ಮರೆ ಇಲ್ಲದಿದ್ದರೆ ಗೋಡೆಯಿಂದ ಹತ್ತು ಮಾರು ಆಚೆ ಹೋಗಲು ಅಂಜುತ್ತದೆ. ಗುಂಪು ದೊಡ್ಡದಾದಷ್ಟೂ ನಡುವೆ ಸಿಕ್ಕ ಕೋಳಿಗೆ ಬಾಗಿಲೇ ಸಿಗುವುದಿಲ್ಲ. ಹೆಸರಿಗೆ ಬಯಲು, ಬದುಕೆಲ್ಲ ಶೆಡ್ಡಿನೊಳಗೆ. ಹಾಗೆ ಒತ್ತಾಗಿ ಬೇಸರದಲ್ಲಿ ನಿಂತ ಕೋಳಿ ಪಕ್ಕದ್ದರ ಪುಕ್ಕ ಕೀಳಲು ಶುರುಮಾಡುತ್ತದೆ, ರಕ್ತ ಕಂಡರೆ ಮುಗಿಯಿತು. ಆಮೇಲೆ ಯಾರೋ ಬಂದು ಕೊಕ್ಕು ಕತ್ತರಿಸಿ ಅನ್ನುತ್ತಾರೆ. ನಿಮ್ಮ ತೆಂಗು ನೆರಳು ಕೊಡುತ್ತದೆ, ಆದರೆ ನೆರಳು ಮೂವತ್ತು ಅಡಿ ಎತ್ತರದಲ್ಲಿದೆ, ಗಿಡುಗಕ್ಕೆ ಕೆಳಗಿನದೆಲ್ಲ ಕಾಣುತ್ತದೆ. ಸಾಲಿನ ಮಧ್ಯೆ ಬಾಳೆ, ನುಗ್ಗೆ, ಚೊಗಚೆ, ಗೊಬ್ಬರದ ಗಿಡ ಹಾಕಿ. ಶೆಡ್ಡಿನ ಬಾಗಿಲಿಂದ ಬೇಲಿಯವರೆಗೆ ಮರೆಯಿಂದ ಮರೆಗೆ ಓಡಲು ದಾರಿಯಿರಬೇಕು. ಮಧ್ಯಾಹ್ನ ಎರಡು ಗಂಟೆಗೆ ಬೇಲಿಯ ಹತ್ತಿರ ನಿಂತು ಎಷ್ಟು ಕೋಳಿ ಅಲ್ಲಿಯವರೆಗೆ ಬಂದಿವೆ ನೋಡಿ.

ನೀವು ಎದುರಿಗೆ ಕೂತು ಕೇಳಿದ್ದರೆ ನಾನು ಹೇಳುತ್ತಿದ್ದುದು 900. ಮುನ್ನೂರರ ಮೂರು ಗುಂಪು, ಆರು ತಿಂಗಳಿಗೊಂದು ಬ್ಯಾಚು, ಒಂದೂವರೆ ವರ್ಷಕ್ಕೆ ಚಕ್ರ ಪೂರ್ತಿ. ಒಂದು ಬ್ಯಾಚು ಇಳಿಯುವಾಗ ಇನ್ನೊಂದು ಏರುತ್ತಿರುತ್ತದೆ, ದಿನಕ್ಕೆ 450ರಷ್ಟು ಮೊಟ್ಟೆ ಹೆಚ್ಚು ಏರುಪೇರಿಲ್ಲದೆ ಬರುತ್ತದೆ. ಕೋಳಿಗೆ 9 ಚದರ ಮೀಟರ್ ಸಿಗುತ್ತದೆ, ತೋಟದ ಒಂದು ಭಾಗಕ್ಕೆ ಸರದಿಯಲ್ಲಿ ಎರಡು ಮೂರು ತಿಂಗಳು ರಜೆ ಕೊಡಬಹುದು. ಹುಳುವಿನ ಮೊಟ್ಟೆ ಮಣ್ಣಿನಲ್ಲಿ ಬಹಳ ಕಾಲ ಬದುಕುವುದರಿಂದ ಈ ರಜೆಯಿಂದ ನೆಲ ಪೂರ್ತಿ ಶುದ್ಧವಾಗುವುದಿಲ್ಲ, ಹೊರೆ ಮಾತ್ರ ಇಳಿಯುತ್ತದೆ, ಹುಲ್ಲು ಚಿಗುರುತ್ತದೆ. ಶೆಡ್ಡಿನ ನೆಲಕ್ಕೆ ಭತ್ತದ ಹೊಟ್ಟು ಹುಡುಕಬೇಕಿಲ್ಲ, ನಿಮ್ಮಲ್ಲೇ ತೆಂಗಿನ ನಾರಿನ ಪುಡಿ ಸಿಗುತ್ತದೆ. ಒಣಗಿಸಿ ಹಾಕಿ, ದಿನಾ ಕೆದಕಿ. ಒದ್ದೆಯಾದರೆ ಮರಿಗಳಿಗೆ ರಕ್ತಭೇದಿ ತಪ್ಪಿದ್ದಲ್ಲ.

ಇದರಲ್ಲೂ ಅಪಾಯವಿದೆ. ಬೇರೆ ಬೇರೆ ವಯಸ್ಸಿನ ಕೋಳಿ ಒಂದೇ ತೋಟದಲ್ಲಿದ್ದರೆ ದೊಡ್ಡವುಗಳ ರೋಗ ಚಿಕ್ಕವಕ್ಕೆ ದಾಟುತ್ತದೆ. ಪಠ್ಯಪುಸ್ತಕ ಹೇಳುವುದು ಎಲ್ಲವನ್ನೂ ಒಟ್ಟಿಗೆ ತಂದು ಒಟ್ಟಿಗೆ ತೆಗೆಯಿರಿ ಎಂದು. ಹಾಗೆ ಮಾಡಿದರೆ ಹೊಸ ಮರಿ ಬೆಳೆದು ಮೊಟ್ಟೆಗೆ ಬರುವವರೆಗೆ ತಿಂಗಳುಗಟ್ಟಲೆ ನಿಮ್ಮ ಗಿರಾಕಿಗಳಿಗೆ ಮೊಟ್ಟೆಯಿಲ್ಲ. ಆದ್ದರಿಂದ ಶೆಡ್ಡುಗಳ ನಡುವೆ ಐವತ್ತು ಮೀಟರಾದರೂ ಬಿಡಿ. ಬೆಳಿಗ್ಗೆ ಮರಿಗಳಿಂದ ಶುರುಮಾಡಿ ಮುದಿ ಕೋಳಿಗಳಲ್ಲಿ ಮುಗಿಸಿ, ಹಿಂದಕ್ಕೆ ಬರಬೇಡಿ. ಶೆಡ್ಡಿಗೊಂದು ಜೊತೆ ಚಪ್ಪಲಿ. ಅಂಗಡಿಯಿಂದ ವಾಪಸ್ ಬರುವ ಪ್ಲಾಸ್ಟಿಕ್ ಟ್ರೇ ಸೋಂಕುನಾಶಕದಲ್ಲಿ ಮುಳುಗದೆ ಗೇಟು ದಾಟಬಾರದು. ಹಕ್ಕಿ ಜ್ವರ ಬಂದರೆ ಸುತ್ತ ಒಂದು ಕಿಲೋಮೀಟರ್ ಒಳಗಿನ ಕೋಳಿಯನ್ನೆಲ್ಲ ಕೊಲ್ಲುತ್ತಾರೆ. 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಕೇಂದ್ರವೇ ಅದಕ್ಕೆ ಸಿಕ್ಕಿತು, 2025ರಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಕಂಡಿತು. ಪರಿಹಾರ ಸಿಗುವುದು ಕೊಂದ ಕೋಳಿಗೆ, ಮೊದಲೇ ಸತ್ತದ್ದಕ್ಕಲ್ಲ. ಇಡೀ ಸಾಲವನ್ನು ಒಂದೇ ತೋಟದ ಮೇಲೆ ಹೊರಿಸಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಅಂಗಡಿಯವರಿಗೆ ಬಾಗಿಲು ಮುಚ್ಚಬೇಕಿಲ್ಲ. ದಿನಕ್ಕೆ 150, ಮೊಟ್ಟೆಗೆ 13ಕ್ಕಿಂತ ಕಡಿಮೆಗೆ ಬೇಡ, ಕಂದು ತಿಳಿ ಎರಡೂ ಬಣ್ಣ ಸೇರಿ, ಮತ್ತು ಬೇಸಿಗೆಯಲ್ಲಿ ಕಾಲು ಪಾಲು ಕಡಿಮೆಯಾದರೆ ದಂಡವಿಲ್ಲ ಎಂದು ಬರಹದಲ್ಲಿ. ಬೇಸಿಗೆಯ ಷರತ್ತು ಯಾಕೆಂದರೆ ಸೆಕೆಗೆ ಕೋಳಿ ಬಾಯಿ ತೆರೆದು ಏದುತ್ತದೆ, ಏದುವಾಗ ಇಂಗಾಲದ ಡೈಆಕ್ಸೈಡು ರಕ್ತದಿಂದ ಹೊರಟುಹೋಗುತ್ತದೆ, ಸಿಪ್ಪೆಗೆ ಬೇಕಾದ ಕಾರ್ಬೊನೇಟಿಗೆ ಅದೇ ಮೂಲ. ನೀವು ಎಷ್ಟು ಸುಣ್ಣ ತಿನ್ನಿಸಿದರೂ ಏಪ್ರಿಲ್‌ನಲ್ಲಿ ಸಿಪ್ಪೆ ತೆಳುವೇ. ಶ್ರಾವಣ, ಕಾರ್ತಿಕದಲ್ಲಿ ಬೇಡಿಕೆ ಬೀಳುವುದು ನಿಮಗೆ ಗೊತ್ತಿದೆ. ಮೇ-ಜೂನ್‌ನಲ್ಲಿ ಮರಿ ತಂದರೆ ಕಾರ್ತಿಕ ಮುಗಿಯುವ ಹೊತ್ತಿಗೆ ಮೊಟ್ಟೆ ಏರುತ್ತದೆ, ಒಂದು ಬ್ಯಾಚಾದರೂ ಹಾಗೆ ಹೊಂದಿಸಿಕೊಳ್ಳಿ. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಹಗಲು ಹನ್ನೊಂದೂವರೆ ಗಂಟೆಯೂ ಇರುವುದಿಲ್ಲ. ಆಗ ಒಂದು ಬಲ್ಬು ಹಾಕುವುದಾದರೆ ಬೆಳಗಿನ ಜಾವಕ್ಕೆ ಹಾಕಿ. ಸಂಜೆ ಹಾಕಿ ಫಕ್ಕನೆ ಆರಿಸಿದರೆ ಅಟ್ಟಣಿಗೆ ಹತ್ತಲಾಗದೆ ನೆಲದಲ್ಲೇ ಗುಡ್ಡೆ ಬೀಳುತ್ತವೆ.

ಹೆಚ್ಚು ಬೇಕೇ ಬೇಕಾದರೆ ಇನ್ನೊಂದು ದಾರಿ, ನಂಬಿಕೆಯ ಎರಡು ಮೂರು ಮನೆಯವರನ್ನು ಸೇರಿಸಿಕೊಳ್ಳುವುದು. ಒಂದೇ ನಿಯಮ, ಒಂದೇ ಫೀಡು, ಟ್ರೇ ಮೇಲೆ ಯಾವ ಮನೆಯ ಮೊಟ್ಟೆ ಎಂಬ ಗುರುತು. ಮೈದುನ ಹೇಳುವ 'ತಂದು ಸೇರಿಸುವುದಕ್ಕೂ' ಇದಕ್ಕೂ ವ್ಯತ್ಯಾಸ ಆ ಗುರುತಿನಲ್ಲಿದೆ. ಆದರೆ ಒಬ್ಬರು ತಪ್ಪಿದರೆ ಹೆಸರು ನಿಮ್ಮದು ಹೋಗುತ್ತದೆ. ವಾರಕ್ಕೊಮ್ಮೆ ಹೇಳದೆ ಕೇಳದೆ ಅವರ ತೋಟಕ್ಕೆ ಹೋಗುವ ಮುಖ ನಿಮಗಿದ್ದರೆ ಮಾತ್ರ ಮಾಡಿ. ಬಂಧುಗಳ ಜೊತೆ ಇದು ಕಷ್ಟ.

ಸಬ್ಸಿಡಿ ಸಿಗುತ್ತದೆ ಎಂದು ಯಾರಾದರೂ ದಲ್ಲಾಳಿ ಹೇಳಿದ್ದರೆ ಹುಷಾರು. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ಕೋಳಿಗೆ ಶೇ. 50ರಂತೆ 25 ಲಕ್ಷದವರೆಗೆ ಸಹಾಯಧನ ಇರುವುದು ಸಾವಿರ ತಾಯಿಕೋಳಿ ಇಟ್ಟು ಮರಿ ಮಾಡುವ ಹ್ಯಾಚರಿಗೆ, ತಿನ್ನುವ ಮೊಟ್ಟೆಯ ಫಾರಂಗೆ ಅಲ್ಲ. ಚೀಟಿಯ ಮೇಲೆ 'ಸಾವಯವ' ಎಂದು ಹಾಕುವುದಕ್ಕೂ ಪ್ರಮಾಣಪತ್ರ ಬೇಕು. ನಿಮ್ಮ ಫೀಡಿನ ಮೆಕ್ಕೆಜೋಳ ದಾವಣಗೆರೆ, ಹಾವೇರಿ ಕಡೆಯ ಮಂಡಿಯದಾದರೆ ಆ ಪದ ಬಿಡಿ. 'ಪಂಜರವಿಲ್ಲದೆ ತೋಟದಲ್ಲಿ ಸಾಕಿದ ಕೋಳಿ' ಎಂಬುದು ಸತ್ಯ, ಅಷ್ಟೇ ಬರೆಯಿರಿ. ಮೆಕ್ಕೆಜೋಳ, ಶೇಂಗಾ ಹಿಂಡಿ ಕೊಳ್ಳುವಾಗ ಕೈಹಾಕಿ ಮೂಸಿ ನೋಡಿ, ಬೂಷ್ಟಿನ ವಾಸನೆ ಬಂದರೆ ಎಷ್ಟು ಅಗ್ಗವಾದರೂ ಬೇಡ. ಮೊಟ್ಟೆ ತೊಳೆಯಬೇಡಿ. ಸಿಪ್ಪೆಯ ಮೇಲಿನ ತೆಳು ಪೊರೆ ಹೋಗುತ್ತದೆ, ತಣ್ಣೀರು ತಾಗಿದರೆ ಹೊರಗಿನ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಗೂಡಿನ ಹುಲ್ಲು ಬದಲಾಯಿಸಿ, ಮೊಟ್ಟೆ ತಾನೇ ಚೊಕ್ಕಟ ಬರುತ್ತದೆ.

ಉಳಿದದ್ದು ಅತ್ತೆಯವರ ಮಾತು. ಅದನ್ನು ಭಾವುಕತೆ ಎಂದು ತಳ್ಳಬೇಡಿ, ಅದೇ ಸಮಯಕ್ಕೆ ಅದರ ಬೆಲೆಯನ್ನೂ ಅವರ ಮುಂದಿಡಿ. ಮೊಟ್ಟೆ ನಿಂತ ಒಂದು ಕೋಳಿ ವರ್ಷಕ್ಕೆ ತಿನ್ನುವುದು ಸುಮಾರು 1,280 ರೂಪಾಯಿ. ಪ್ರತಿ ಕೋಳಿಯನ್ನೂ ಇನ್ನೆರಡು ವರ್ಷ ಕೂರಿಸಿ ಸಾಕುವುದಾದರೆ, ಅದು ಇಟ್ಟ 270 ಮೊಟ್ಟೆಗೆ ಹಂಚಿದಾಗ ಒಂದಕ್ಕೆ ಒಂಬತ್ತೂವರೆ ರೂಪಾಯಿ ಹೆಚ್ಚಾಗುತ್ತದೆ. ಆಗ 25ಕ್ಕೆ ಮಾರಬೇಕು. ಕೊಳ್ಳುವವರು ಇದ್ದಾರೆ, ಆದರೆ 110 ಮನೆ ಇರಲಾರದು. ನಡುವಿನ ದಾರಿಯೆಂದರೆ ಒಂದು ಸಲ ಪುಕ್ಕ ಉದುರಿಸಿ ಮತ್ತೆ ಇಡಲು ಬಿಡುವುದು, ಅಂದರೆ ಸ್ವಾಭಾವಿಕವಾಗಿ, ಉಪವಾಸ ಕೆಡವಿ ಅಲ್ಲ. ಆಮೇಲೆ ಸಾಕಲು ಒಯ್ಯುವ ಮನೆಗಳಿಗೆ ಕೊಡುವುದು, ಮಿಕ್ಕದ್ದನ್ನು ಮಾರುವುದು. ಹುಂಜಗಳದೂ ಇದೇ ಪ್ರಶ್ನೆ. ಮೊಟ್ಟೆಗೆಂದೇ ಬೆಳೆಸಿದ ತಳಿಗಳಲ್ಲಿ ಗಂಡು ಮರಿಯನ್ನು ಹ್ಯಾಚರಿಯಲ್ಲಿ ಹುಟ್ಟಿದ ದಿನವೇ ಕೊಲ್ಲುತ್ತಾರೆ, ಜರ್ಮನಿ 2022ರಲ್ಲಿ ಅದನ್ನು ನಿಷೇಧಿಸಿತು. ನಿಮ್ಮ ತಳಿಯ ಹುಂಜಕ್ಕೆ ಮಾಂಸದ ಬೆಲೆಯಿರುವುದರಿಂದ ಅದಕ್ಕೆ ಕೆಲವು ತಿಂಗಳ ಬದುಕಾದರೂ ಇದೆ. ಏನೇ ನಿರ್ಧರಿಸಿ, ಗಿರಾಕಿ ಕೇಳಿದರೆ ಮುಚ್ಚಿಡದೆ ಹೇಳುವಂತಿರಲಿ. 'ಕೊನೆಗೆ ಮಾರುತ್ತೇವೆ' ಅನ್ನುವುದರಲ್ಲಿ ನಾಚಿಕೆಯಿಲ್ಲ. ಇದು ನಿಮ್ಮ ಮನೆಯ ತೀರ್ಮಾನ, ನನ್ನದಲ್ಲ.

ಅಂಗಡಿಯವರಿಗೆ ಉತ್ತರ ಕೊಡಲು ಒಂದು ತಿಂಗಳು ಕೇಳಿಕೊಳ್ಳಿ. ಆ ತಿಂಗಳು ಒಂದು ನೋಟ್‌ಬುಕ್ ಇಟ್ಟು ಹಳೇ ಕೋಳಿಯ ಮೊಟ್ಟೆ ಎಷ್ಟು, ಹೊಸದರದು ಎಷ್ಟು, ಸತ್ತದ್ದು ಎಷ್ಟು, ಯಾರು ಎಷ್ಟು ಗಂಟೆ ದುಡಿದರು, ಬೇರೆ ಬೇರೆ ಬರೆಯಿರಿ. ಅತ್ತೆಯವರ ಗಂಟೆಗಳನ್ನೂ ಬರೆಯಿರಿ. 12 ರೂಪಾಯಿ 60 ಪೈಸೆ ನನ್ನ ಅಂದಾಜು, ನಿಮ್ಮ ಪುಸ್ತಕ ಹೇಳುವ ಅಂಕಿ ಬಂದ ಮೇಲೆ ಇನ್ನೊಂದು ಪತ್ರ ಹಾಕಿ.